ಟೆರೇಸ್ ಸೋರಿದರೆ ದುಡ್ಡು ಯಾರದ್ದು, ಮಾತು ಯಾರದ್ದು?

ಅಪಾರ್ಟ್‌ಮೆಂಟ್ ಕಾನೂನು ಅಂದರೆ ಬೆಂಗಳೂರಿನ ಮಾತು ಅಂದುಕೊಂಡಿದ್ದೇವೆ. ಭಟ್ಕಳ, ಹೊನ್ನಾವರ, ಕುಮಟಾದ ಸಣ್ಣ ಕಟ್ಟಡಗಳಲ್ಲಿ ಅದು ಇನ್ನೂ ಹೆಚ್ಚು ಬೇಕು.

ಜೂನ್ ಮೊದಲ ಮಳೆಗೆ ನಮ್ಮ ಕರಾವಳಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಹುಟ್ಟುತ್ತದೆ: ಟೆರೇಸ್ ಯಾರದ್ದು? ಬೇಸಿಗೆಯಲ್ಲಿ ಅದು ಎಲ್ಲರದ್ದು. ಹಪ್ಪಳ ಒಣಗಿಸಲು, ಬಟ್ಟೆ ಹರವಲು, ಡಿಶ್ ಕೂರಿಸಲು ಎಲ್ಲರಿಗೂ ಬೇಕು. ಸೋರಲು ಶುರುವಾದ ಮೇಲೆ ಮಾತ್ರ ಅದು ಮೇಲಿನ ಮಹಡಿಯವರದ್ದು.

ರಾಷ್ಟ್ರೀಯ ಹೆದ್ದಾರಿ 66ರ ಆಚೀಚೆ ಹೋಗುತ್ತಾ ನೋಡಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಪೇಟೆಗಳಲ್ಲಿ ಹಳೆಯ ಹೆಂಚಿನ ಮನೆಯಿದ್ದ ಜಾಗದಲ್ಲಿ ಮೂರು, ನಾಲ್ಕು ಮಹಡಿಯ ಕಟ್ಟಡಗಳು ಎದ್ದಿವೆ. ಕೆಳಗೆ ಅಂಗಡಿ ಅಥವಾ ಪಾರ್ಕಿಂಗ್, ಮೇಲೆ ಮನೆಗಳು. ಭಟ್ಕಳದಲ್ಲಿ ಹಲವು ಫ್ಲ್ಯಾಟ್‌ಗಳ ಮಾಲೀಕರು ಕೊಲ್ಲಿ ದೇಶಗಳಲ್ಲಿದ್ದಾರೆ. ಹೊನ್ನಾವರ, ಕುಮಟಾದ ಕಟ್ಟಡಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇಲ್ಲಿ, ಹಣ ಹೂಡಿದ ಮಕ್ಕಳು ಬೆಂಗಳೂರು, ಮುಂಬೈಯಲ್ಲಿ. ಉಳಿದಂತೆ ಬ್ಯಾಂಕ್ ನೌಕರರು, ಮಾಸ್ತರುಗಳು, ನರ್ಸ್‌ಗಳು, ಬಾಡಿಗೆಗೆ ಬಂದವರು.

ನಾನೂ ಹೊನ್ನಾವರದ ಇಂಥದ್ದೇ ಪುಟ್ಟ ಕಟ್ಟಡವೊಂದರಲ್ಲಿದ್ದೇನೆ. ಮೂರು ವರ್ಷದಿಂದ ಅದರ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ. ನೆಂಟರ ನೆಪದಲ್ಲಿ ಕುಮಟಾ ಮತ್ತು ಭಟ್ಕಳದ ಕಟ್ಟಡಗಳ ಮೀಟಿಂಗ್‌ಗಳಲ್ಲೂ ಕೂತಿದ್ದೇನೆ. ಎಲ್ಲಾ ಕಡೆ ನನಗೆ ಕಂಡದ್ದು ಒಂದೇ. ಜಗಳ ಶುರುವಾಗುವುದು ದುಡ್ಡಿನಿಂದ, ಆದರೆ ಜಗಳದ ಬೇರು ದುಡ್ಡಲ್ಲ. ಯಾರು ತೀರ್ಮಾನಿಸಬೇಕು, ಯಾವ ಲೆಕ್ಕದಲ್ಲಿ ಹಂಚಬೇಕು ಎಂಬುದನ್ನು ಯಾರೂ ಮೊದಲೇ ಬರೆದಿಟ್ಟಿಲ್ಲ. ನಿಯಮ ಇಲ್ಲದ ಕಡೆ ಸಮಾನತೆ ತಾನಾಗಿ ಬರುವುದಿಲ್ಲ. ದನಿ ದೊಡ್ಡದಿದ್ದವರ ಮಾತು ನಡೆಯುತ್ತದೆ.

ಗ್ರಾಮಸಭೆ, ಮೀಸಲಾತಿ, ಒಕ್ಕೂಟ ವ್ಯವಸ್ಥೆ ಅಂತ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು ನಮ್ಮದೇ ಮೆಟ್ಟಿಲ ಕೆಳಗಿನ ಆಡಳಿತವನ್ನು ರಾಜಕೀಯ ಅಂತ ಗುರುತಿಸುವುದಿಲ್ಲ. ತೆರಿಗೆ ಇದೆ, ಮತ ಇದೆ, ಬಜೆಟ್ ಇದೆ, ಅಲ್ಪಸಂಖ್ಯಾತರಿದ್ದಾರೆ, ಮತವಿಲ್ಲದ ನಿವಾಸಿಗಳೂ ಇದ್ದಾರೆ. ಇದಕ್ಕಿಂತ ಸಣ್ಣ ಸರ್ಕಾರ ಇನ್ನೊಂದಿಲ್ಲ.

ನಾವು ಕೊಂಡದ್ದು ಏನು?

ಫ್ಲ್ಯಾಟ್ ಕೊಂಡವರನ್ನು ಕೇಳಿದರೆ "ಎರಡು ಬೆಡ್‌ರೂಮ್, ಒಂದು ಹಾಲ್" ಅನ್ನುತ್ತಾರೆ. ಕ್ರಯಪತ್ರ ಓದಿದರೆ ಇನ್ನೊಂದು ಸಾಲು ಕಾಣುತ್ತದೆ: ಜಾಗದಲ್ಲಿ ಇಷ್ಟು ಅವಿಭಾಜ್ಯ ಪಾಲು. ಅಂದರೆ ನಾವು ಕೊಂಡದ್ದು ಗೋಡೆಯ ಒಳಗಿನ ಮನೆಯನ್ನು ಮಾತ್ರವಲ್ಲ. ನೆಲ, ಅಡಿಪಾಯ, ಕಂಬ, ತೊಲೆ, ಹೊರಗೋಡೆ, ಮೆಟ್ಟಿಲು, ಬಾವಿ, ಪಂಪು, ಲಿಫ್ಟು ಮತ್ತು ಟೆರೇಸ್‌ನಲ್ಲೂ ಪಾಲು ಕೊಂಡಿದ್ದೇವೆ. ಈ ಪಾಲನ್ನು ಗೆರೆ ಎಳೆದು ಬೇರೆ ಮಾಡಲು ಆಗುವುದಿಲ್ಲ, ಮನೆ ಬಿಟ್ಟು ಪಾಲನ್ನಷ್ಟೇ ಮಾರಲೂ ಆಗುವುದಿಲ್ಲ.

ಇದನ್ನು ನಿಭಾಯಿಸಲೆಂದೇ ನಮ್ಮಲ್ಲಿ ಒಂದು ಕಾನೂನಿದೆ: ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972. ನೆರೆಯ ಮಹಾರಾಷ್ಟ್ರ 1970ರಲ್ಲಿ ಮಾಡಿದ ಕಾಯ್ದೆಗೂ ಇದಕ್ಕೂ ಬಹಳ ಹೋಲಿಕೆ ಇದೆ. ಈ ಕಾಯ್ದೆಯ ಪ್ರಕಾರ ಚಾವಣಿ ಸಾಮಾನ್ಯ ಭಾಗ. ಮೇಲಿನ ಮನೆಯ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕಿದರೂ ರಿಪೇರಿ ಎಲ್ಲರ ಖರ್ಚು. ಅಲ್ಲಿಗೆ ಜೂನ್ ತಿಂಗಳ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ಒಂದು ತೊಡಕಿದೆ. ಈ ಕಾಯ್ದೆ ಎಲ್ಲ ಕಟ್ಟಡಕ್ಕೂ ತಾನಾಗಿ ಅನ್ವಯಿಸುವುದಿಲ್ಲ. ಮೊದಲು ಬಿಲ್ಡರ್ ಅಥವಾ ಎಲ್ಲ ಮಾಲೀಕರೂ ಸೇರಿ 'ಘೋಷಣಾ ಪತ್ರ' ಬರೆದು ನೋಂದಣಿ ಮಾಡಿಸಬೇಕು. ಯಾವ ಮನೆಗೆ ಎಷ್ಟು ಶೇಕಡಾ ಪಾಲು, ಯಾವುದು ಸಾಮಾನ್ಯ, ಯಾವುದು ಕೆಲವರಿಗೆ ಮಾತ್ರ ಮೀಸಲು ಎಂಬುದೆಲ್ಲ ಅದರಲ್ಲಿರುತ್ತದೆ. ಜೊತೆಗೆ ಸಂಘದ ಬೈಲಾ. ಕಟ್ಟಡ ಮುಖ್ಯವಾಗಿ ವಾಸಕ್ಕಾಗಿಯೇ ಇರಬೇಕು ಎಂಬ ಷರತ್ತೂ ಇದೆ. ಕೆಳಗೆ ಅಂಗಡಿ ಸಾಲು ಇರುವವರು ಹೆಜ್ಜೆ ಇಡುವ ಮುಂಚೆ ವಕೀಲರನ್ನು ಕೇಳುವುದು ಒಳ್ಳೆಯದು.

ನಾನು ನೋಡಿದ ಕಟ್ಟಡಗಳಲ್ಲಿ ಘೋಷಣಾ ಪತ್ರ ಅನ್ನುವುದನ್ನೇ ಕೇಳದವರು ಜಾಸ್ತಿ. ಇರುವುದು ಒಂದು ವಾಟ್ಸ್ಆ್ಯಪ್ ಗುಂಪು, ಒಬ್ಬರ ಹೆಸರಿನ ಗೂಗಲ್ ಪೇ ನಂಬರ್. ಕೆಲವರು ಸುಲಭ ಅಂತ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡಿದ್ದಾರೆ. ಬರೀ ವಾಸದ ಮನೆಗಳಿರುವ ಕಟ್ಟಡಕ್ಕೆ 1972ರ ಕಾಯ್ದೆಯೇ ಸರಿಯಾದ ದಾರಿ ಎಂದು ಕರ್ನಾಟಕ ಹೈಕೋರ್ಟ್ ಇತ್ತೀಚಿನ ವರ್ಷಗಳಲ್ಲಿ ಹೇಳಿದೆ. ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದಕ್ಕೆ ಹೋಗಬೇಕು.

ಸಮ ಪಾಲೋ, ಚದರಡಿ ಪಾಲೋ?

ಲೆಕ್ಕಕ್ಕೆ ಒಂದು ಕಾಲ್ಪನಿಕ ಕಟ್ಟಡ ಇಟ್ಟುಕೊಳ್ಳೋಣ. 12 ಮನೆ. ಅದರಲ್ಲಿ 8 ಮನೆ ತಲಾ 1,000 ಚದರಡಿ, 4 ಮನೆ ತಲಾ 1,500 ಚದರಡಿ. ಒಟ್ಟು 14,000 ಚದರಡಿ. ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಲು 2,80,000 ರೂಪಾಯಿ ಬೇಕು ಅಂದುಕೊಳ್ಳಿ.

ಸಮನಾಗಿ ಹಂಚಿದರೆ ಒಂದೊಂದು ಮನೆಗೆ 23,333 ರೂಪಾಯಿ. ಚದರಡಿ ಲೆಕ್ಕದಲ್ಲಿ ಹಂಚಿದರೆ ಅಡಿಗೆ 20 ರೂಪಾಯಿಯಂತೆ ಸಣ್ಣ ಮನೆಗೆ 20,000, ದೊಡ್ಡ ಮನೆಗೆ 30,000. ಸಮ ಪಾಲು ಎಂಬ ಮಾತು ಕಿವಿಗೆ ನ್ಯಾಯವಾಗಿ ಕೇಳುತ್ತದೆ. ನಿಜದಲ್ಲಿ ಅಲ್ಲಿ ಸಣ್ಣ ಮನೆಯವರು ದೊಡ್ಡ ಮನೆಯವರ ಖರ್ಚಿನಲ್ಲಿ ಒಂದಿಷ್ಟು ಹೊರುತ್ತಿರುತ್ತಾರೆ.

ಕಾಯ್ದೆ ಏನು ಹೇಳುತ್ತದೆ? ಸಾಮಾನ್ಯ ಖರ್ಚನ್ನು ಅವಿಭಾಜ್ಯ ಪಾಲಿನ ಶೇಕಡಾವಾರು ಪ್ರಕಾರವೇ ಹಂಚಬೇಕು. ಆ ಶೇಕಡಾ ನಿಗದಿಯಾಗುವುದು ಇಡೀ ಆಸ್ತಿಯ ಮೌಲ್ಯದಲ್ಲಿ ನಿಮ್ಮ ಮನೆಯ ಮೌಲ್ಯ ಎಷ್ಟು ಎಂಬುದರ ಮೇಲೆ. ಖರ್ಚು ಮಾತ್ರವಲ್ಲ, ಆದಾಯವೂ ಹಾಗೆಯೇ. ಟೆರೇಸ್ ಮೇಲೆ ಮೊಬೈಲ್ ಟವರ್ ಕೂರಿಸಿ ಬಾಡಿಗೆ ಬಂದರೆ ಅದೂ ಇದೇ ಲೆಕ್ಕದಲ್ಲಿ ಎಲ್ಲರಿಗೆ. ಬಿಲ್ಡರ್ "ಟೆರೇಸ್ ಹಕ್ಕು ನಂದು" ಅಂತ ಟವರ್ ಬಾಡಿಗೆ ತಿನ್ನುತ್ತಿದ್ದರೆ ನಿಮ್ಮ ಕ್ರಯಪತ್ರವನ್ನು ಇನ್ನೊಮ್ಮೆ ಓದಿ.

ಇನ್ನು ಲಿಫ್ಟು. ಕುಮಟಾದ ಒಂದು ಮೀಟಿಂಗಿನಲ್ಲಿ ಕೆಳಗಿನ ಮನೆಯ ನಿವೃತ್ತ ಮಾಸ್ತರೊಬ್ಬರು ಕೇಳಿದರು: "ನಾನು ಕೆಳಗಿನವ ಮಾರಾಯಾ, ಲಿಫ್ಟಿಗೆ ಕಾಲಿಟ್ಟವನೇ ಅಲ್ಲ. ನಂಗೆಂತಕ್ಕೆ ಈ ಬಿಲ್ಲು?" ಮೂರನೇ ಮಹಡಿಯ ಅಕ್ಕ ತಟ್ಟನೆ ಹೇಳಿದರು: "ನಾನು ನಿಮ್ಮ ಬಾಗಿಲ ಮುಂದಿನ ಗಾರ್ಡನಿನಲ್ಲಿ ಯಾವತ್ತು ಕೂತಿದ್ದೆ ಮಾಸ್ತರ್ರೆ?" ಇಬ್ಬರದ್ದೂ ಸರಿಯಾದ ಮಾತೇ. ಅದಕ್ಕೇ ಕಾನೂನು ಬಳಕೆಯ ಲೆಕ್ಕ ಹಿಡಿಯುವುದಿಲ್ಲ. "ನಾನು ಬಳಸುವುದಿಲ್ಲ" ಎಂದೋ, "ಮನೆಗೆ ಬೀಗ ಹಾಕಿದೆ" ಎಂದೋ ಹೇಳಿ ಸಾಮಾನ್ಯ ಖರ್ಚಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ದುಬೈಯಲ್ಲಿದ್ದು ಎರಡು ವರ್ಷಕ್ಕೊಮ್ಮೆ ಬರುವವರ ಮನೆಯನ್ನೂ ಅದೇ ಕಂಬ ಹೊತ್ತಿದೆ, ಅದೇ ಚಾವಣಿ ಕಾಯುತ್ತಿದೆ.

ಬಳಕೆಯ ಲೆಕ್ಕ ಹೊಂದುವುದು ಮನೆಯೊಳಗೆ ಖರ್ಚಾಗುವ ವಸ್ತುವಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಂಡು ಅಥವಾ ನೀರು ಉಪ್ಪಾಗಿ ಟ್ಯಾಂಕರ್ ತರಿಸುತ್ತೇವಲ್ಲ, ಆ ನೀರಿಗೆ ಮನೆಮನೆಗೂ ಮೀಟರ್ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಇಬ್ಬರೇ ಇರುವ ಮನೆ ಏಳು ಜನರ ಮನೆಯ ಟ್ಯಾಂಕರ್ ಬಿಲ್ ಕಟ್ಟಬೇಕಾಗಿಲ್ಲ. ಪಂಪಿನ ರಿಪೇರಿ, ಹೆಸ್ಕಾಂನ ಸಾಮಾನ್ಯ ಮೀಟರಿನ ಬಿಲ್ಲು, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವುದು, ವಾಚ್‌ಮನ್ ಸಂಬಳ, ಲಿಫ್ಟಿನ ವಾರ್ಷಿಕ ನಿರ್ವಹಣೆ: ಇವೆಲ್ಲ ಪಾಲಿನ ಲೆಕ್ಕಕ್ಕೆ.

ಕೊಡದವರನ್ನು ಏನು ಮಾಡುವುದು? ನೀರಿನ ಪೈಪ್ ಮುಚ್ಚುವ, ಹೆಸರು ಬರೆದು ಲಿಫ್ಟಿನೊಳಗೆ ಅಂಟಿಸುವ ಸಾಹಸಗಳನ್ನು ನೋಡಿದ್ದೇನೆ. ಅದರಿಂದ ದುಡ್ಡು ಬಂದದ್ದು ಕಡಿಮೆ, ಹಗೆ ಬೆಳೆದದ್ದು ಜಾಸ್ತಿ. 1972ರ ಕಾಯ್ದೆಯಡಿ ಬಂದ ಕಟ್ಟಡಕ್ಕೆ ಬೇರೆ ದಾರಿ ಇದೆ. ಬಾಕಿ ಉಳಿದ ಸಾಮಾನ್ಯ ಖರ್ಚು ಆ ಮನೆಯ ಮೇಲಿನ ಋಣಭಾರ. ಸ್ಥಳೀಯ ಸಂಸ್ಥೆಯ ತೆರಿಗೆ ಮತ್ತು ಮೊದಲ ಅಡಮಾನ ಬಿಟ್ಟರೆ ಉಳಿದೆಲ್ಲ ಸಾಲಕ್ಕಿಂತ ಅದು ಮುಂದೆ ನಿಲ್ಲುತ್ತದೆ. ಮನೆ ಮಾರಿದರೆ ಹಳೆ ಬಾಕಿಗೆ ಮಾರಿದವರ ಜೊತೆ ಕೊಂಡವರೂ ಹೊಣೆ. ಹಾಗಾಗಿ ಹಳೆಯ ಫ್ಲ್ಯಾಟ್ ಕೊಳ್ಳುವವರು ಬ್ಯಾಂಕಿನ ಕಾಗದದ ಜೊತೆಗೆ ಸಂಘದಿಂದ 'ಬಾಕಿ ಇಲ್ಲ' ಪತ್ರವನ್ನೂ ಕೇಳಿ.

ಉಪ್ಪುಗಾಳಿಯ ಲೆಕ್ಕ

ಬೆಂಗಳೂರಿನ ಕಟ್ಟಡಕ್ಕೂ ನಮ್ಮದಕ್ಕೂ ದೊಡ್ಡ ವ್ಯತ್ಯಾಸ ಹವೆಯದ್ದು. ನಾಲ್ಕು ತಿಂಗಳು ಬಿಡದ ಮಳೆ, ಉಳಿದ ಎಂಟು ತಿಂಗಳು ಉಪ್ಪುಗಾಳಿ. ಸಿಮೆಂಟಿನ ಸಣ್ಣ ಬಿರುಕಿನಿಂದ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಕಾಂಕ್ರೀಟ್ ಸಿಡಿದು ಬೀಳುತ್ತದೆ. ಬಾಲ್ಕನಿಯ ಕೆಳಗೆ ಚಕ್ಕೆ ಉದುರಿ ಸರಳು ಕಾಣುವ ಕಟ್ಟಡಗಳನ್ನು ಪೇಟೆಯಲ್ಲಿ ಎಲ್ಲರೂ ನೋಡಿದ್ದೇವೆ. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳದಲ್ಲಿ ಒಂದೇ ದಿನ 50 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು, ಪೇಟೆಯ ಅಂಗಡಿ ಮನೆಗಳಿಗೆ ನೀರು ನುಗ್ಗಿತು. ಅಂಥ ಒಂದು ದಿನಕ್ಕೆ ಕಟ್ಟಡ ತಯಾರಿರಬೇಕಾದರೆ ದುಡ್ಡು ಮೊದಲೇ ಇರಬೇಕು.

ಸೋರುವ ಟೆರೇಸ್‌ಗೆ ನಮ್ಮೂರಿನ ಸಿದ್ಧ ಉತ್ತರ ತಗಡಿನ ಶೀಟು. ಮಳೆಯೇನೋ ನಿಲ್ಲುತ್ತದೆ. ಆದರೆ ಶೀಟಿನ ಕೆಳಗೆ ಹೊಸದೊಂದು ಜಾಗ ಹುಟ್ಟುತ್ತದೆ. ಒಬ್ಬರು ಹಳೆ ಸೋಫಾ ಇಡುತ್ತಾರೆ, ಇನ್ನೊಬ್ಬರು ಊರಿನಿಂದ ಬಂದ ಅಡಿಕೆ ಹರವುತ್ತಾರೆ, ಮೂರನೆಯವರು ಬೀಗವನ್ನೇ ಹಾಕುತ್ತಾರೆ. ಶೀಟು ಹಾಕಲು ದುಡ್ಡು ಹೇಗೆ ಎತ್ತಬೇಕು ಎಂಬ ಠರಾವಿನ ಜೊತೆಗೇ ಕೆಳಗಿನ ಜಾಗದ ಬಳಕೆ ಹೇಗೆ ಎಂಬ ಠರಾವೂ ಆಗಬೇಕು. ಎರಡನೆಯದನ್ನು ಆಮೇಲೆ ನೋಡೋಣ ಅಂದರೆ ಅದು ಯಾವತ್ತೂ ಆಗುವುದಿಲ್ಲ.

ಇಲ್ಲೇ ಮೀಸಲು ನಿಧಿಯ ಮಾತು ಬರುತ್ತದೆ. ತಿಂಗಳ ಮೆಂಟೆನೆನ್ಸ್ ಬೇರೆ, ಮೀಸಲು ಬೇರೆ. ಮೇಲಿನ ಕಾಲ್ಪನಿಕ ಕಟ್ಟಡದಲ್ಲಿ ಚದರಡಿಗೆ ತಿಂಗಳಿಗೆ ಒಂದೇ ರೂಪಾಯಿ ಬೇರೆ ಎತ್ತಿಟ್ಟರೆ ತಿಂಗಳಿಗೆ 14,000, ವರ್ಷಕ್ಕೆ 1,68,000, ಐದು ವರ್ಷಕ್ಕೆ ಬಡ್ಡಿ ಬಿಟ್ಟು 8,40,000 ರೂಪಾಯಿ. ಸಣ್ಣ ಮನೆಗೆ ತಿಂಗಳಿಗೆ ಬೀಳುವುದು 1,000. ಏಕಾಏಕಿ 20,000 ಕೊಡಿ ಎಂದಾಗ ಪಿಂಚಣಿಯಲ್ಲಿರುವವರ ಮುಖ ಬಾಡುತ್ತದೆ, ತಿಂಗಳಿಗೆ ಸಾವಿರ ಎಂದರೆ ಹೊಂದಿಸಿಕೊಳ್ಳುತ್ತಾರೆ. ಸಿಂಗಾಪುರದ ಕಾನೂನಿನಲ್ಲಿ ದೈನಂದಿನ ನಿಧಿ ಮತ್ತು ದೊಡ್ಡ ರಿಪೇರಿಯ ನಿಧಿ ಎರಡನ್ನೂ ಬೇರೆ ಬೇರೆ ಇಡುವುದು ಕಡ್ಡಾಯ. ನಮ್ಮಲ್ಲಿ ಅದು ಬೈಲಾ ಬರೆಯುವವರ ಜವಾಬ್ದಾರಿ.

ಮುಂದೂಡಿದರೆ ಏನಾಗಬಹುದು ಎಂಬುದಕ್ಕೆ ಜಗತ್ತು ನೋಡಿದ ಉದಾಹರಣೆ ಒಂದಿದೆ. ಅಮೆರಿಕದ ಫ್ಲಾರಿಡಾದಲ್ಲಿ ಕಡಲ ಬದಿಯ ಸರ್ಫ್‌ಸೈಡ್ ಎಂಬ ಊರಿನ ಚಾಂಪ್ಲೈನ್ ಟವರ್ಸ್ ಸೌತ್ ಕಟ್ಟಡ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಜನ ಸತ್ತರು. ವಾಟರ್‌ಪ್ರೂಫಿಂಗ್ ವಿಫಲವಾಗಿ ಕಾಂಕ್ರೀಟ್ ಹಾಳಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಕುಸಿತಕ್ಕೆ ಬರೀ ಒಂದೇ ಕಾರಣ ಅಂತ ಹೇಳಲಾಗದು. ಆದರೆ ಆ ಮೂರು ವರ್ಷ ಮಾಲೀಕರ ಸಂಘದೊಳಗೆ ನಡೆದದ್ದು ನಮಗೆ ಚೆನ್ನಾಗಿ ಪರಿಚಯವಿರುವ ಚರ್ಚೆಯೇ: ಇಷ್ಟೊಂದು ದುಡ್ಡು ಯಾಕೆ, ಈಗಲೇ ಯಾಕೆ, ಇನ್ನೊಂದು ಕೊಟೇಶನ್ ತರಬಾರದಾ? ಅದಾದ ಮೇಲೆ ಫ್ಲಾರಿಡಾ ಸರ್ಕಾರ ಮೂರು ಮತ್ತು ಹೆಚ್ಚು ಮಹಡಿಯ ಇಂಥ ಕಟ್ಟಡಗಳಿಗೆ ತಪಾಸಣೆ ಮತ್ತು ಮೀಸಲು ನಿಧಿಯನ್ನು ಕಡ್ಡಾಯ ಮಾಡಿತು. ನಮ್ಮ ಕಟ್ಟಡಗಳೂ ಮೂರು, ನಾಲ್ಕು ಮಹಡಿಯವು. ನಮ್ಮದೂ ಕಡಲ ಬದಿಯೇ.

ಕೈ ಎತ್ತುವವರು ಯಾರು?

ಈಗ ತೀರ್ಮಾನದ ಮಾತು. 1972ರ ಕಾಯ್ದೆಯಲ್ಲಿ ಬಹುಮತ ಅಂದರೆ ತಲೆ ಎಣಿಕೆ ಅಲ್ಲ. ಘೋಷಣಾ ಪತ್ರದಲ್ಲಿ ಮತಕ್ಕೆಂದು ನಿಗದಿ ಮಾಡಿದ ಶೇಕಡಾವಾರು ಪ್ರಕಾರ 51 ಅಥವಾ ಹೆಚ್ಚು. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ, ಇಲ್ಲಿ ಪಾಲಿಗೆ ತಕ್ಕ ಮತ.

ಮತ್ತೆ ಅದೇ 12 ಮನೆಗೆ ಬನ್ನಿ. ಚದರಡಿಗೆ ತಕ್ಕಂತೆ ಮತ ಹಂಚಿದ್ದಾರೆ ಅಂದುಕೊಳ್ಳಿ. ಸಣ್ಣ ಮನೆಯ 7 ಮಾಲೀಕರು ಒಂದಾದರೂ 14,000ದಲ್ಲಿ 7,000, ಅಂದರೆ ಸರಿಯಾಗಿ 50. ತಲೆ ಎಣಿಸಿದರೆ ಬಹುಮತ, ಕಾಯ್ದೆಯ ಲೆಕ್ಕದಲ್ಲಿ ಇಲ್ಲ. ಅದೇ ದೊಡ್ಡ ಮನೆಯ 4 ಜನ ಇಬ್ಬರು ಸಣ್ಣ ಮನೆಯವರನ್ನು ಸೇರಿಸಿಕೊಂಡರೆ ಆರೇ ಜನ 57 ಮೀರುತ್ತಾರೆ, ಠರಾವು ಪಾಸ್. ಆಸ್ತಿಗೆ ತಕ್ಕ ಮತ ಎಂಬ ಪದ್ಧತಿಯನ್ನು ಚುನಾವಣೆಯಲ್ಲಿ ನಾವು 1950ರ ಸಂವಿಧಾನದೊಂದಿಗೆ ಕೈಬಿಟ್ಟೆವು. ಮನೆಯ ಮೆಟ್ಟಿಲಲ್ಲಿ ಅದು ಇನ್ನೂ ಇದೆ. ಹೆಚ್ಚು ಕೊಡುವವರಿಗೆ ಹೆಚ್ಚು ಮಾತು ಎಂಬ ವಾದಕ್ಕೂ ತೂಕವಿದೆ. ಅದಕ್ಕೇ ಘೋಷಣಾ ಪತ್ರ ಬರೆಯುವ ಹೊತ್ತಿನಲ್ಲಿ ಕಣ್ಣು ತೆರೆದಿರಬೇಕು. ಮತದ ಶೇಕಡಾ ಅಲ್ಲೇ ಕೂತುಬಿಡುತ್ತದೆ.

ನಮ್ಮ ಪೇಟೆಗಳಲ್ಲಿ ಇನ್ನೂ ಮೂರು ತೊಡಕುಗಳಿವೆ.

ಒಂದು, ಊರಲ್ಲಿಲ್ಲದ ಮಾಲೀಕರು. ಭಟ್ಕಳದ ಒಂದು ಕಟ್ಟಡದಲ್ಲಿ ಮೀಟಿಂಗ್ ಕರೆದರೆ ಮಾಲೀಕರಿಗಿಂತ ಮಾಲೀಕರ ಭಾವ, ಮಾವಂದಿರೇ ಹೆಚ್ಚು. ಅವರು ಹೇಳಿದ್ದಕ್ಕೆ ಕಾನೂನಿನ ಬೆಲೆ ಇಲ್ಲ, ಆಮೇಲೆ "ನಾನು ಒಪ್ಪಿಲ್ಲ" ಅಂತ ಅಬುಧಾಬಿಯಿಂದ ವಾಯ್ಸ್ ಮೆಸೇಜ್. ಮಾದರಿ ಬೈಲಾಗಳಲ್ಲಿ ಪ್ರಾಕ್ಸಿಗೆ ಅವಕಾಶ ಇದೆ. ಬರಹದ ಅಧಿಕಾರಪತ್ರ ಮೀಟಿಂಗಿಗೆ ಮೊದಲೇ ಕಾರ್ಯದರ್ಶಿಯ ಕೈಗೆ ಬಂದಿರಲಿ. ವಿಡಿಯೋದಲ್ಲಿ ಸೇರುವುದಕ್ಕೂ ಬೈಲಾದಲ್ಲೇ ಜಾಗ ಮಾಡಿ. ಕೊಲ್ಲಿಯ ಸಮಯ ನಮಗಿಂತ ಒಂದೂವರೆ, ಎರಡೂವರೆ ಗಂಟೆ ಹಿಂದೆ, ಅಲ್ಲಿಯ ರಜಾದಿನ ನೋಡಿಕೊಂಡು ಮೀಟಿಂಗ್ ಇಟ್ಟರೆ ಜನ ಸಿಗುತ್ತಾರೆ. ಘೋಷಣಾ ಪತ್ರಕ್ಕೆ ಸಹಿ ಬೇಕಾದಾಗ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ವಿಶೇಷ ಅಧಿಕಾರಪತ್ರ ಮಾಡಿಸಬಹುದು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು ಎಂಬುದನ್ನು ಮರೆಯಬೇಡಿ.

ಎರಡು, ಹೆಂಗಸರು. ಮನೆ ಹೆಂಡತಿಯ ಹೆಸರಿನಲ್ಲಿ, ಮೀಟಿಂಗಿಗೆ ಬರುವವನು ಗಂಡ. ಪಂಚಾಯಿತಿಯ 'ಅಧ್ಯಕ್ಷೆಯ ಗಂಡ'ನನ್ನು ಟೀಕಿಸುವ ನಾವು ನಮ್ಮ ಕಟ್ಟಡದಲ್ಲಿ ಅದನ್ನೇ ಮಾಡುತ್ತೇವೆ. ಮಾಲೀಕರ ಪಟ್ಟಿಯನ್ನು ಕ್ರಯಪತ್ರದ ಪ್ರಕಾರ ಬರೆದು, ನೋಟಿಸನ್ನು ಆ ಹೆಸರಿಗೇ ಕಳಿಸಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಮುಂದಿನ ಮೀಟಿಂಗಿಗೆ ಐದು ಹೆಂಗಸರು ಬಂದರು. ಪಂಪ್ ಆಪರೇಟರ್ ಬರುವ ಸಮಯ, ಕಸದ ಗಾಡಿ, ಮೆಟ್ಟಿಲ ಲೈಟು: ದಿನವೂ ಗೋಳು ಅನುಭವಿಸುವವರ ಬಾಯಿಂದ ಮೊದಲ ಸಲ ಪಟ್ಟಿ ಸಿಕ್ಕಿತು.

ಮೂರು, ಬಾಡಿಗೆದಾರರು. ಸಂಘದ ನಿಯಮ ಅವರಿಗೂ ಅನ್ವಯಿಸುತ್ತದೆ, ಮತ ಮಾತ್ರ ಇಲ್ಲ. ಅಲ್ಲೇ ಇದ್ದು, ಮೆಂಟೆನೆನ್ಸ್ ಕೈಯಾರೆ ಕೊಡುವವರು ಅವರೇ. ಕಾನೂನು ಮತ ಕೊಡದಿದ್ದರೂ ಕೂತು ಮಾತಾಡಲು ಕುರ್ಚಿ ಕೊಡಬೇಡಿ ಅಂತ ಎಲ್ಲೂ ಹೇಳಿಲ್ಲ.

ಇನ್ನೊಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಬಂದ ಎಂಟು ಹೆಬ್ಬೆಟ್ಟು ಠರಾವಲ್ಲ. ಅಲ್ಲಿ ಚರ್ಚೆ ಮಾಡಿ, ತೀರ್ಮಾನ ನಡಾವಳಿ ಪುಸ್ತಕದಲ್ಲಿ ಬರಲಿ.

ಹಳಕಾರದ ಕಾಡು, ಗಜನಿಯ ಕಟ್ಟೆ

"ನಮ್ಮ ಕಡೆ ಜನ ಒಟ್ಟಾಗುವುದಿಲ್ಲ ಬಿಡಿ" ಎಂಬ ಮಾತನ್ನು ಎಲ್ಲ ಮೀಟಿಂಗಿನಲ್ಲೂ ಕೇಳುತ್ತೇನೆ. ಇದು ಸುಳ್ಳು ಎಂಬುದಕ್ಕೆ ದಾಖಲೆ ಕುಮಟಾದಲ್ಲೇ ಇದೆ.

ಕುಮಟಾ ಪೇಟೆಗೆ ಹತ್ತಿರದ ಹಳಕಾರದಲ್ಲಿ ಗ್ರಾಮ ಅರಣ್ಯ ಪಂಚಾಯತ್ ಶುರುವಾದದ್ದು 1924ರಲ್ಲಿ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ. ಊರವರೇ ಆರಿಸಿದ ಸಮಿತಿ, ಸದಸ್ಯರ ಶುಲ್ಕ, ಆ ಶುಲ್ಕದಿಂದ ಸಂಬಳ ಪಡೆಯುವ ಕಾವಲುಗಾರ, ಯಾರು ಎಷ್ಟು ಸೊಪ್ಪು, ಸೌದೆ ತರಬಹುದು ಎಂಬ ನಿಯಮ, ಮೀರಿದರೆ ದಂಡ. ನಮ್ಮ ಅಪಾರ್ಟ್‌ಮೆಂಟಿನ ಭಾಷೆಯಲ್ಲಿ ಹೇಳುವುದಾದರೆ ಬೈಲಾ, ಮೆಂಟೆನೆನ್ಸ್, ವಾಚ್‌ಮನ್. 1979ರಲ್ಲಿ ಸರ್ಕಾರ ಇಂಥ ಪಂಚಾಯತ್‌ಗಳನ್ನು ಮುಚ್ಚಲು ಹೊರಟಾಗ ಹಳಕಾರದವರು ಕೋರ್ಟಿಗೆ ಹೋಗಿ ತಮ್ಮ ಆಡಳಿತ ಉಳಿಸಿಕೊಂಡರು. ಬರೆದಿಟ್ಟ ನಿಯಮ, ದಾಖಲೆ ಇದ್ದ ಸಂಸ್ಥೆಗೆ ಕೋರ್ಟಿನಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತದೆ.

ಅಘನಾಶಿನಿಯ ಗಜನಿ ಗದ್ದೆಗಳನ್ನೂ ನೋಡಿ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಈ ಗದ್ದೆಗಳಿಗೆ ಹೊಳೆಯ ಕಡೆ ಮಣ್ಣಿನ ಕಟ್ಟೆ, ನೀರು ಬಿಡಲು, ತಡೆಯಲು ಬಾಗಿಲು. ಗದ್ದೆ ಒಬ್ಬೊಬ್ಬರದ್ದು, ಕಟ್ಟೆ ಎಲ್ಲರದ್ದು. ಒಂದು ಕಡೆ ಕಟ್ಟೆ ಒಡೆದರೆ "ಅದು ನನ್ನ ಗದ್ದೆ ಮುಂದಲ್ಲ" ಅಂತ ಕೂರಲಾಗದು, ಉಪ್ಪುನೀರು ಗಡಿ ಕೇಳುವುದಿಲ್ಲ. ಹಾಗಾಗಿ ಕಟ್ಟೆಯ ಕೆಲಸಕ್ಕೆ ಎಲ್ಲರ ಆಳು, ಎಲ್ಲರ ಖರ್ಚು. ಟೆರೇಸ್ ನಮ್ಮ ಗಜನಿ ಕಟ್ಟೆ. ಅಜ್ಜಂದಿರಿಗೆ ಗೊತ್ತಿದ್ದ ವಿದ್ಯೆ ನಾಲ್ಕನೇ ಮಹಡಿಗೆ ಏರುವಾಗ ಮರೆತುಹೋಗಬೇಕಾಗಿಲ್ಲ.

ಬಹುಮತ ಎಲ್ಲಿ ನಿಲ್ಲಬೇಕು?

ನಿಯಮ ಬರೆಯೋಣ ಅಂದ ಕೂಡಲೇ ಕೆಲವರಿಗೆ ಬೇರೆಯೇ ಪಟ್ಟಿ ನೆನಪಾಗುತ್ತದೆ. ಮೀನು ತಿನ್ನುವವರಿಗೆ ಬಾಡಿಗೆ ಬೇಡ, ಆ ಜಾತಿಯವರು ಬೇಡ, ಆ ಧರ್ಮದವರು ಬೇಡ, ಒಂಟಿ ಹುಡುಗಿಯರು ಬೇಡ, ಕೆಲಸದವರು ಲಿಫ್ಟ್ ಹತ್ತಬಾರದು. ಭಟ್ಕಳದಂಥ ಊರಿನಲ್ಲಿ ಒಂದು ಕಟ್ಟಡದ ಇಂಥ ಠರಾವು ಗೇಟಿನ ಒಳಗೆ ಉಳಿಯುವುದಿಲ್ಲ, ಬೀದಿಗೆ ಬರುತ್ತದೆ. ಮೂರು ಪೇಟೆಯಲ್ಲೂ ಗೋಡೆಗೆ ಗೋಡೆ ತಾಗಿಸಿಕೊಂಡು ಎಲ್ಲ ಬಗೆಯ ಜನ ಬದುಕಿದ್ದಾರೆ. ಅದನ್ನು ಮೆಟ್ಟಿಲಲ್ಲಿ ಒಡೆಯುವುದು ಸುಲಭ, ಕೂಡಿಸುವುದು ಕಷ್ಟ.

ಸಂಘ ಹುಟ್ಟಿರುವುದು ಸಾಮಾನ್ಯ ಆಸ್ತಿಯನ್ನು ನೋಡಿಕೊಳ್ಳಲು. ಬಣ್ಣ ಯಾವುದು, ಪಂಪ್ ಎಷ್ಟು ಹೊತ್ತಿಗೆ, ಕಸ ಎಲ್ಲಿ, ರಾತ್ರಿ ಶಬ್ದ ಎಷ್ಟು: ಇವು ಬಹುಮತಕ್ಕೆ ಬಿಟ್ಟದ್ದು. ಯಾರು ಏನು ತಿನ್ನುತ್ತಾರೆ, ಯಾರನ್ನು ಮದುವೆಯಾಗುತ್ತಾರೆ, ಯಾವ ದೇವರಿಗೆ ಕೈಮುಗಿಯುತ್ತಾರೆ ಎಂಬುದು ಬಹುಮತದ ವಿಷಯವೇ ಅಲ್ಲ. ನಾಯಿ ಸಾಕುವುದನ್ನು ಕೂಡ ನಿವಾಸಿಗಳ ಸಂಘ ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಾಯಿಗೇ ಅಷ್ಟು ರಕ್ಷಣೆ ಇರುವಾಗ ಮನುಷ್ಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಡ್ವಾ?

ಈಗಲೇ ಮಾಡಬಹುದಾದದ್ದು

ಘೋಷಣಾ ಪತ್ರ ಆಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ.

ಮೊದಲು ಕಾಗದ. ಕಟ್ಟಡ ಪರವಾನಗಿ, ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ, ಲಿಫ್ಟಿನ ಪರವಾನಗಿ, ಸಾಮಾನ್ಯ ಮೀಟರಿನ ಖಾತೆ ಸಂಖ್ಯೆ, ಪೈಪ್ ಮತ್ತು ವೈರಿಂಗ್ ನಕ್ಷೆ. ಬಿಲ್ಡರ್ ಹತ್ತಿರ ಬರಹದಲ್ಲಿ ಕೇಳಿ.

ಎರಡನೆಯದು ರೇರಾ. 2016ರ ಈ ಕೇಂದ್ರ ಕಾಯ್ದೆಯ ಪ್ರಕಾರ, ಹೆಚ್ಚಿನ ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಬಿಲ್ಡರ್ ಅನುವು ಮಾಡಬೇಕು. ಮನೆ ಕೈಗೆ ಕೊಟ್ಟ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡು ದೂರು ಕೊಟ್ಟರೆ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಹೊಸ ಕಟ್ಟಡದ ಟೆರೇಸ್ ಸೋರಿದರೆ ಚಂದಾ ಎತ್ತುವ ಮುಂಚೆ ಈ ಐದು ವರ್ಷ ಎಣಿಸಿ. ಗಮನಿಸಿ, 500 ಚದರ ಮೀಟರ್ ಮೀರದ ಜಾಗ ಅಥವಾ 8 ಮೀರದ ಮನೆಗಳ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮ ಪೇಟೆಗಳ ಅನೇಕ ಸಣ್ಣ ಕಟ್ಟಡಗಳು ಈ ಕಿಂಡಿಯಲ್ಲೇ ಹೊರಗುಳಿಯುತ್ತವೆ. ಅಂಥ ಕಡೆ ಕೊಳ್ಳುವಾಗಲೇ ಒಪ್ಪಂದದಲ್ಲಿ ದೋಷ ರಿಪೇರಿಯ ಷರತ್ತು ಬರೆಸಿಕೊಳ್ಳಿ.

ಮೂರನೆಯದು ದುಡ್ಡಿನ ದಾರಿ. ಒಬ್ಬರ ಸ್ವಂತ ಖಾತೆಗೆ ದುಡ್ಡು ಹಾಕುವುದನ್ನು ನಿಲ್ಲಿಸಿ. ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲಾಗದ ಬೇರೆ ಖಾತೆ ಇರಲಿ. ತಿಂಗಳ ಐದನೇ ತಾರೀಕಿಗೆ ಒಂದು ಪುಟದ ಲೆಕ್ಕ: ಬಂದದ್ದು, ಹೋದದ್ದು, ಬಾಕಿ, ಮೀಸಲು. ಅದರ ಜೊತೆ ಪಾಸ್‌ಬುಕ್ಕಿನ ಫೋಟೋ. ಒಂದು ಮೊತ್ತ ಮೀರಿದ ಕೆಲಸಕ್ಕೆ ಮೂರು ಕೊಟೇಶನ್. ಲೆಕ್ಕ ಇಡುವವರೇ ತಮ್ಮ ಲೆಕ್ಕ ತಪಾಸಣೆ ಮಾಡಬಾರದು. ನನ್ನ ಪುಸ್ತಕವನ್ನು ವರ್ಷಕ್ಕೊಮ್ಮೆ ನೋಡುವವರು ಎರಡನೇ ಮಹಡಿಯ ಬಾಡಿಗೆ ಮನೆಯ ಒಬ್ಬ ಕಾಮರ್ಸ್ ವಿದ್ಯಾರ್ಥಿನಿ. ಅವಳು ಕೇಳುವಷ್ಟು ಪ್ರಶ್ನೆ ಮಾಲೀಕರು ಯಾರೂ ಕೇಳುವುದಿಲ್ಲ.

ನಾಲ್ಕನೆಯದು ಕ್ಯಾಲೆಂಡರ್. ನಮ್ಮ ಕಡೆ ವಾರ್ಷಿಕ ಸಭೆ ಏಪ್ರಿಲ್‌ನಲ್ಲಿ ಆಗಬೇಕು. ರಜೆಗೆ ಬಂದವರು ಊರಲ್ಲಿರುತ್ತಾರೆ, ಮಳೆಗೆ ಇನ್ನೂ ಸಮಯ ಇರುತ್ತದೆ, ಕೆಲಸದವರು ಸಿಗುತ್ತಾರೆ.

ಸರ್ಕಾರ ನೋಡಬೇಕಾದ ಕಡೆ

1972ರ ಕಾಯ್ದೆ ಹಳತಾಯಿತು, ಹೊಸದು ಬೇಕು ಎಂಬ ಕೂಗಿಗೆ ಓಗೊಟ್ಟು 2025ರಲ್ಲಿ ರಾಜ್ಯ ಸರ್ಕಾರ ಹೊಸ ಮಸೂದೆಯ ಮಾತೆತ್ತಿತು. ಚರ್ಚೆಯೆಲ್ಲ ಬೆಂಗಳೂರಿನ ಸಾವಿರ ಮನೆಯ ಸಮುಚ್ಚಯಗಳ ಸುತ್ತ. ಅಲ್ಲಿ ವಕೀಲರಿದ್ದಾರೆ, ಒಕ್ಕೂಟಗಳಿವೆ, ಸಚಿವರನ್ನು ಭೇಟಿಯಾಗುವ ಶಕ್ತಿಯೂ ಇದೆ. ಹತ್ತು ಮನೆಯ ಕಟ್ಟಡಕ್ಕೆ ಬೇಕಾದದ್ದು ಬೇರೆ: ಕನ್ನಡದಲ್ಲಿ ನಾಲ್ಕು ಪುಟದ ಸರಳ ಮಾದರಿ ಬೈಲಾ, ಎಲ್ಲರ ಸಹಿ ಸಿಗದಿದ್ದರೂ ಬಹುಪಾಲು ಮಾಲೀಕರು ಮುಂದುವರಿಯಲು ದಾರಿ, ಬಾಕಿ ವಸೂಲಿಗೆ ಸಿವಿಲ್ ಕೋರ್ಟಿನ ವರ್ಷಗಳ ಅಲೆದಾಟವಿಲ್ಲದ ತಾಲೂಕು ಮಟ್ಟದ ವ್ಯವಸ್ಥೆ, ಕಡಲ ಬದಿಯ ಹಳೆ ಕಟ್ಟಡಗಳಿಗೆ ನಿಗದಿತ ಅವಧಿಗೊಮ್ಮೆ ಎಂಜಿನಿಯರ್ ತಪಾಸಣೆ.

ಇವನ್ನು ಕೇಳಬೇಕಾದವರು ನಾವೇ. ಕೇಳಲು ಹೋಗುವಾಗ ಕೈಯಲ್ಲಿ ನಮ್ಮ ಕಟ್ಟಡದ ನಡಾವಳಿ ಪುಸ್ತಕ, ಲೆಕ್ಕದ ಪುಟ ಇದ್ದರೆ ಮಾತಿಗೆ ತೂಕ ಬರುತ್ತದೆ. ಅಷ್ಟು ಮಾಡಲು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ, ಒಂದು ನೂರು ಪುಟದ ನೋಟ್‌ಬುಕ್ ಮತ್ತು ಒಂದು ಭಾನುವಾರ ಸಾಕು.